ಒಂದೇ ಗಾಡಿಯ ಬಾಡಿಗೆ ವ್ಯವಹಾರ: ಹೊಸ ಪಿಕಪ್ಪೋ, ಹಳೆಯ 14 ಅಡಿಯೋ, ಹತ್ತು ಚಕ್ರದ್ದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 14 ಅಡಿ ಬಾಡಿಯ ಹಳೆಯ ಆರು ಚಕ್ರದ ಗಾಡಿಗೆ. ಅದೂ 2018-19ರ ಬಿಎಸ್4 (ಹಿಂದಿನ ಹೊಗೆ ನಿಯಮದ) ಗಾಡಿ, ಆರ್‌ಸಿಯಲ್ಲಿ ಲೋಡು ಸೇರಿದ ಒಟ್ಟು ತೂಕ 7500 ಕೆಜಿ ಮೀರದ್ದು. ಮೂರು ಬಗೆಯನ್ನೂ ಓಡಿಸಿ ನೋಡಿದ ಮೇಲೆ ನಿಂತ ತೀರ್ಮಾನ ಇದು. ಆದರೆ ಇದು ಯಾರ ಲೆಕ್ಕ ಅನ್ನುವುದೂ ಗೊತ್ತಿರಲಿ: ಮಾಲೀಕನೇ ಸ್ಟೇರಿಂಗ್ ಹಿಡಿಯುವವನು, ಕೈಯಲ್ಲಿ ನಾಲ್ಕೈದು ಲಕ್ಷ, ಎರಡು ರಾತ್ರಿಗಿಂತ ಹೆಚ್ಚು ಮನೆ ಬಿಟ್ಟಿರಲು ಮನಸ್ಸಿಲ್ಲ.

7500 ಕೆಜಿ ಅನ್ನುವ ಗೆರೆಗೆ ಕಾರಣವಿದೆ. ಅಷ್ಟರವರೆಗಿನ ಸರಕು ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಖಚಿತಪಡಿಸಿತು. ಥರ್ಡ್ ಪಾರ್ಟಿ ವಿಮೆಯೂ ಇದೇ ಗೆರೆ ನೋಡುತ್ತದೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 7500 ಕೆಜಿವರೆಗೆ ವರ್ಷಕ್ಕೆ 16,049 ರೂಪಾಯಿ, ಅದನ್ನು ದಾಟಿದರೆ 12 ಟನ್‌ವರೆಗೆ 27,186. ಬಾಡಿ 14 ಅಡಿ ಇದ್ದ ಮಾತ್ರಕ್ಕೆ ಗೆರೆಯೊಳಗೇ ಇರುತ್ತದೆ ಅಂದುಕೊಳ್ಳಬೇಡಿ. ಒಂದೇ ಅಳತೆಯ ಬಾಡಿ ಎರಡೂ ಬಗೆಯ ಚಾಸಿ ಮೇಲೆ ಬರುತ್ತದೆ. ಮಾರುವವನ ಮಾತು ಬಿಟ್ಟು ಆರ್‌ಸಿ ಓದಿ.

ಹೊಸ ಪಿಕಪ್

ಶೋರೂಮಿನಿಂದ ಹೊರಬಂದ ದಿನ ಬಹಳ ಚೆಂದ. ಎರಡು ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ) ಚಿಂತೆಯಿಲ್ಲ, ಒಟ್ಟು ತೂಕ 3000 ಕೆಜಿ ಮೀರದಿದ್ದರೆ ಪರ್ಮಿಟ್ಟೇ ಬೇಡ (ದೊಡ್ಡ ಪಿಕಪ್‌ಗಳಲ್ಲಿ ಕೆಲವು ಇದನ್ನು ಮೀರುತ್ತವೆ, ನೋಡಿ ತೆಗೆದುಕೊಳ್ಳಿ). ಸಾಲವೂ ಸಲೀಸು. 8 ಲಕ್ಷಕ್ಕೆ ಶೇ 10ರಂತೆ 5 ವರ್ಷ ಅಂದರೆ ಕಂತು ಸುಮಾರು 17,000.

ತೊಂದರೆ ಇರುವುದು ಇದು ಹೊರುವ ಒಂದೂವರೆ ಟನ್ನಿನಲ್ಲಿ. ಪಾರ್ಟಿಯವರು, ಅಂದರೆ ಮಾಲು ಕಳಿಸುವವರು, ಎರಡೂವರೆ ಟನ್ ತುಂಬಲು ನೋಡುತ್ತಾರೆ, ಬೇಡ ಅಂದರೆ ಹಿಂದಿನ ಗಾಡಿಯವನು ತುಂಬಿಕೊಂಡು ಹೋಗುತ್ತಾನೆ. ಸಿಕ್ಕಿಬಿದ್ದರೆ ಓವರ್‌ಲೋಡ್ ದಂಡ 20,000, ಜೊತೆಗೆ ಹೆಚ್ಚುವರಿ ಟನ್ನಿಗೆ 2,000, ಮೇಲೆ ಮಾಲು ಇಳಿಸುವ ಖರ್ಚು. ಸಿಕ್ಕದಿದ್ದರೂ ಹಿಂದಿನ ಪಟ್ಟಾ (ಭಾರ ಹೊರುವ ಸ್ಪ್ರಿಂಗ್) ಮತ್ತು ಹಬ್ ಬೇರಿಂಗ್ ಲೆಕ್ಕ ಚುಕ್ತಾ ಮಾಡುತ್ತವೆ.

ಇನ್ನೊಂದು ಬಿಎಸ್6ರ, ಅಂದರೆ ಈಗಿನ ಹೊಗೆ ನಿಯಮದ ಕಥೆ. ಸೈಲೆನ್ಸರ್ ದಾರಿಯ ಫಿಲ್ಟರ್‌ನಲ್ಲಿ ಕೂತ ಮಸಿ ಸುಟ್ಟುಹೋಗಲು ಬಿಸಿ ಬೇಕು. ಪೀಣ್ಯದಿಂದ ಯಶವಂತಪುರಕ್ಕೆ ಹತ್ತು ಸಲ ನಿಂತು ಹೋಗುವ ಗಾಡಿಗೆ ಆ ಬಿಸಿ ಬರುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿದಾಗ ಹೈವೇಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಸರಿಹೋಗುತ್ತದೆ. ಆಮೇಲೆ ನೋಡೋಣ ಅಂದರೆ ಎಳೆಯುವ ಶಕ್ತಿ ಕಡಿಮೆಯಾಗಿ ಗಾಡಿ ತೆವಳಲು ಶುರು, ನೇರ ಸರ್ವಿಸ್ ಸ್ಟೇಷನ್.

ಹಳೆಯ ಹತ್ತು ಚಕ್ರ

ಕಾಗದದ ಮೇಲೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿಯಿರಿ. ಪಿಕಪ್ ಲೀಟರಿಗೆ 12 ಕಿ.ಮೀ. ಕೊಟ್ಟರೆ ಒಂದೂವರೆ ಟನ್ನಿನ ಲೋಡಿನಲ್ಲಿ ಟನ್ನಿಗೆ ಕಿ.ಮೀ.ಗೆ 5 ರೂಪಾಯಿ. 14 ಅಡಿ ಗಾಡಿ 8 ಕೊಟ್ಟು ಮೂರೂವರೆ ಟನ್ ಹೊತ್ತರೆ 3 ರೂಪಾಯಿ 20 ಪೈಸೆ. ಹತ್ತು ಚಕ್ರದ್ದು 4 ಕೊಟ್ಟು 17 ಟನ್ ಹೊತ್ತರೆ 1 ರೂಪಾಯಿ 30 ಪೈಸೆ. ಆದರೆ ಆ 17 ಟನ್ ದಿನಾ ಸಿಗಬೇಕಲ್ಲ! ಸಾವಿರ ಕಿ.ಮೀ. ಟ್ರಿಪ್ಪಿಗೆ ಡೀಸೆಲ್ಲೇ 22,500, ಮೇಲೆ ಟೋಲ್, ಹೆವಿ ಲೈಸೆನ್ಸ್ ಡ್ರೈವರ್‌ನ ಸಂಬಳ-ಬಾಟಾ. ಬ್ಯಾಲೆನ್ಸ್ ಹಣ ಬರಬೇಕಾದರೆ ಸಹಿ-ಸೀಲು ಬಿದ್ದ ಎಲ್‌ಆರ್ (ಮಾಲು ಸಾಗಣೆಯ ರಸೀದಿ) ಪ್ರತಿ ಟ್ರಾನ್ಸ್‌ಪೋರ್ಟ್ ಆಫೀಸಿಗೆ ವಾಪಸ್ ಹೋಗಬೇಕು. ಅಷ್ಟರಲ್ಲಿ ಮುಂದಿನ ಎರಡು ಟ್ರಿಪ್ಪಿಗೆ ಕೈಯಿಂದ ಹಾಕಬೇಕು. ಹತ್ತೂ ಟೈರ್ ಹೊಸದು ಹಾಕಿಸಿದರೆ ಎರಡು ಲಕ್ಷ ದಾಟುತ್ತದೆ. ಥರ್ಡ್ ಪಾರ್ಟಿ ವಿಮೆ ಅದೇ 2022ರ ದರದಲ್ಲಿ 43,950. ಅಂದಾಜು ಆದಾಯದ ತೆರಿಗೆ ಲೆಕ್ಕ ಹಿಡಿದರೂ 12 ಟನ್ ಮೀರಿದ ಗಾಡಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಬಂತೆಂದೇ ಎಣಿಕೆ: ಲೋಡು ಸೇರಿ ಒಟ್ಟು 28 ಟನ್ ತೂಗುವ ಗಾಡಿಗೆ 28,000. ಅದೇ ಚಿಕ್ಕ ಗಾಡಿಗೆ ತಿಂಗಳಿಗೆ 7,500 ಅಷ್ಟೆ.

ಒಂದೇ ಗಾಡಿಯವನಿಗೆ ಇದು ಬೇಡ. ಮೂರು ಗಾಡಿ ಇದ್ದಾಗ ಒಂದು ನಿಂತರೂ ಉಳಿದೆರಡು ದುಡಿಯುತ್ತವೆ.

14 ಅಡಿ ಗಾಡಿ, ಮತ್ತು ಅದರ ಒಂದೇ ದೊಡ್ಡ ತಲೆನೋವು

ಗಾಡಿಯ ತಲೆನೋವಲ್ಲ, ಕಾಗದದ್ದು. ಸೆಕೆಂಡ್ ಹ್ಯಾಂಡ್ ಸರಕು ಗಾಡಿ ಹೆಸರಿಗೆ ಬರುವುದು ಬೈಕ್ ವರ್ಗಾವಣೆ ಇದ್ದ ಹಾಗಲ್ಲ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಇದ್ದರೆ ಮೊದಲು ಅದು ಇಳಿಯಬೇಕು: ಫೈನಾನ್ಸ್ ಕಂಪನಿಯ ಎನ್‌ಒಸಿ ಮತ್ತು ಫಾರ್ಮ್ 35. ಆಮೇಲೆ ಮಾಲೀಕತ್ವ ವರ್ಗಾವಣೆಗೆ ಫಾರ್ಮ್ 29 ಮತ್ತು 30. ಬೇರೆ ಆರ್‌ಟಿಒ ವ್ಯಾಪ್ತಿಗೋ ಹೊರ ರಾಜ್ಯಕ್ಕೋ ಹೋಗುವುದಾದರೆ ಹಳೆಯ ಆರ್‌ಟಿಒದ ಎನ್‌ಒಸಿಗೆ ಫಾರ್ಮ್ 28. ಪರ್ಮಿಟ್ ವರ್ಗಾವಣೆಗೆ ಬೇರೆಯೇ ಅರ್ಜಿ. ಬಹಳ ಜನ ಆರ್‌ಸಿ ಬಂತೆಂದು ಸುಮ್ಮನಾಗಿ, ಪರ್ಮಿಟ್ ಹಳೆಯವನ ಹೆಸರಲ್ಲೇ ಬಿಟ್ಟು ಗಡಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಎಲ್ಲ ಸರಿಯಿದ್ದರೂ ಕೆಲಸ ನಿಲ್ಲುವ ಜಾಗಗಳಿವೆ. ಹಳೆಯ ಇ-ಚಲನ್ ಬಾಕಿ ಇದ್ದರೆ, ತೆರಿಗೆ ಬಾಕಿ ಇದ್ದರೆ, ಎಫ್‌ಸಿ ಮುಗಿದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಒಟಿಪಿ ಹೋಗುವುದು ಸರ್ಕಾರದ ವಾಹನ್ ಜಾಲತಾಣದ ದಾಖಲೆಯಲ್ಲಿರುವ ಮಾರಿದವನ ಮೊಬೈಲಿಗೆ. ಪೂರ್ತಿ ಹಣ ಎಣಿಸಿಕೊಂಡ ಮೇಲೆ ಅವನಿಗೆ ನಿಮ್ಮ ಫೋನ್ ಎತ್ತುವ ಅವಸರ ಇರುವುದಿಲ್ಲ. ಫಾಸ್ಟ್ಯಾಗ್ ಅವನ ಖಾತೆಯದ್ದು. ಒಂದು ಗಾಡಿಗೆ ಒಂದೇ ಟ್ಯಾಗ್ ಆದ್ದರಿಂದ, ಅವನು ಅದನ್ನು ಮುಚ್ಚಿಸುವ ತನಕ ನಿಮಗೆ ಹೊಸದು ಸಿಕ್ಕುವುದೂ ಕಷ್ಟ.

ವಿಮೆಯಲ್ಲಿರುವ ಗುಂಡಿ ಇನ್ನೂ ಆಳ. ಗಾಡಿ ಮಾರಾಟವಾದಾಗ ಥರ್ಡ್ ಪಾರ್ಟಿ ರಕ್ಷಣೆ ಕಾನೂನಿನ ಪ್ರಕಾರ ಕೊಂಡವನಿಗೆ ತಾನಾಗಿ ಬರುತ್ತದೆ, ಸ್ವಂತ ಗಾಡಿಯ ಹಾನಿಯ ರಕ್ಷಣೆ ಬರುವುದಿಲ್ಲ. 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಮಾಡದೆ ಶಿರಾಡಿ ಘಾಟಿಯಲ್ಲಿ ಗಾಡಿ ಮಗುಚಿದರೆ ರಿಪೇರಿ ಬಿಲ್ ಪೂರ್ತಿ ನಿಮ್ಮದೇ.

ಆದ್ದರಿಂದ ದುಡ್ಡು ಮೂರು ಕಂತಿನಲ್ಲಿ ಕೊಡಿ. ಸಾಲ ಬಾಕಿಯಿದ್ದರೆ ಮೊದಲ ಕಂತು ನೇರ ಫೈನಾನ್ಸ್ ಖಾತೆಗೆ. ಎರಡನೆಯದು ಅರ್ಜಿ ಹಾಕಿ ಒಟಿಪಿ ಆದ ದಿನ. ಕೊನೆಯ 50,000 ಆರ್‌ಸಿ, ಪರ್ಮಿಟ್ ಎರಡೂ ನಿಮ್ಮ ಹೆಸರಿಗೆ ಬಂದು ಫಾಸ್ಟ್ಯಾಗ್ ಮುಚ್ಚಿದ ಮೇಲೆ. ಇದನ್ನು ಒಪ್ಪದವನ ಗಾಡಿ ಎಷ್ಟು ಹೊಳೆಯುತ್ತಿದ್ದರೂ ಬೇಡ.

ಗಾಡಿ ನೋಡುವಾಗ ಬಣ್ಣ ಬಿಟ್ಟು ಕೆಳಗೆ ತೂರಿ. ಹಿಂದಿನ ಪಟ್ಟಾ ಕೂರುವ ಬ್ರಾಕೆಟ್ ಸುತ್ತ ಚಾಸಿಗೆ ವೆಲ್ಡಿಂಗ್ ಬಿದ್ದಿದ್ದರೆ ಅದು ಓವರ್‌ಲೋಡ್‌ನಲ್ಲಿ ದುಡಿದ ಗಾಡಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಗೆ ಹೋಲಿಸಿ. ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ಬಿಚ್ಚಿ ನೋಡಿ, ಹೊಗೆ ಬುಸಬುಸ ಉಗುಳಿದರೆ ಪಿಸ್ಟನ್ ರಿಂಗ್ ಸವೆದಿದೆ. ಮುಂದಿನ ಚಕ್ರ ಜಾಕ್ ಮೇಲೆತ್ತಿ ಮೇಲೆ-ಕೆಳಗೆ ಅಲ್ಲಾಡಿಸಿದರೆ ಕಿಂಗ್‌ಪಿನ್ (ಚಕ್ರ ಎಡಬಲ ತಿರುಗಲು ಆಧಾರವಾದ ಗೂಟ) ಸಡಿಲವಾಗಿದ್ದರೆ ಗೊತ್ತಾಗುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸನ್ನು (ಕೀಲನ್ನು) ಕೈಯಲ್ಲಿ ತಿರುವಿ, ಸಡಿಲವಿದೆಯೇ ನೋಡಿ.

ವಯಸ್ಸಿನ ಲೆಕ್ಕ ಮರೆಯಬೇಡಿ. ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ಪ್ರತಿ ವರ್ಷ. ಇಂಥ ಎರಡು ಆಕ್ಸಲ್ ಗಾಡಿಗೆ ನ್ಯಾಷನಲ್ ಪರ್ಮಿಟ್ 12 ವರ್ಷದವರೆಗೆ ಮಾತ್ರ. 2018ರ ಗಾಡಿಯಾದರೆ 2030ರ ತನಕ ಹೊರ ರಾಜ್ಯ, ಆಮೇಲೆ ಕರ್ನಾಟಕದೊಳಗೆ. 6 ಲಕ್ಷ ಸಾಲಕ್ಕೆ ಶೇ 14ರಂತೆ 3 ವರ್ಷ ಅಂದರೆ ಕಂತು 20,500. ಪಿಕಪ್ ಕಂತಿಗಿಂತ ಜಾಸ್ತಿ ಕಂಡರೂ ಒಟ್ಟು ಬಡ್ಡಿ 1.38 ಲಕ್ಷ, ಪಿಕಪ್ಪಿನದು 2.2 ಲಕ್ಷ. ಗಾಡಿಯಲ್ಲಿ ಇನ್ನೂ ದುಡಿಮೆ ಇರುವಾಗಲೇ ಸಾಲ ತೀರಿರುತ್ತದೆ.

ಲೋಡು? ಬ್ಯಾಡಗಿ ಮೆಣಸಿನಕಾಯಿ ತುಂಬಿದರೆ ತೂಕ ಆಗುವ ಮೊದಲು ಬಾಡಿ ತುಂಬುತ್ತದೆ, ಶಿವಮೊಗ್ಗದ ಫೌಂಡ್ರಿ ಮಾಲಾದರೆ ಬಾಡಿ ಖಾಲಿ ಕಾಣುವಾಗಲೇ ತೂಕ ಮುಗಿದಿರುತ್ತದೆ. ಎರಡಕ್ಕೂ ಬಾಡಿಗೆ ಮಾತಾಡುವ ರೀತಿ ಬೇರೆ: ಮೊದಲನೆಯದಕ್ಕೆ ಗಾಡಿ ಲೆಕ್ಕ, ಎರಡನೆಯದಕ್ಕೆ ಟನ್ ಲೆಕ್ಕ ಮತ್ತು ವೇಬ್ರಿಡ್ಜ್ ಚೀಟಿ. ಕೋಲಾರದ 15 ಕೆಜಿ ಟೊಮೆಟೊ ಬಾಕ್ಸ್ 200 ಹಾಕಿದರೆ ಮಾಲೇ 3 ಟನ್, ಕ್ರೇಟಿನ ತೂಕ ಬೇರೆ. ವಾಪಸ್ ಬರುವ ಖಾಲಿ ಕ್ರೇಟಿಗೆ ಎಷ್ಟು ಎನ್ನುವುದನ್ನು ಹೊರಡುವ ಮೊದಲೇ ಮಾತಾಡಿ.

ಮಾಲಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ), 200 ಕಿ.ಮೀ.ಗೆ ಒಂದು ದಿನದ ಅವಧಿ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆ ನಂತರದ ತನಕ ವಿಸ್ತರಿಸಬಹುದು. ಮೆಕ್ಯಾನಿಕ್‌ಗಿಂತ ಮುಂಚೆ ಪಾರ್ಟಿಗೆ ಫೋನ್ ಮಾಡಿ. ಬಾಡಿಗೆಯಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತೇವೆ ಅಂದರೆ, ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲ ಎಂಬ ಘೋಷಣೆಯನ್ನು ಪ್ಯಾನ್ ನಂಬರ್ ಸಹಿತ ಕೊಡಿ, ಹಿಡಿಯುವಂತಿಲ್ಲ.

ಊರೊಳಗೇ ದಿನಕ್ಕೆ ನಾಲ್ಕು ಟ್ರಿಪ್ ಹಾಲು, ತರಕಾರಿ, ಹಾರ್ಡ್‌ವೇರ್ ಮಾಲು ಗ್ಯಾರಂಟಿ ಇದ್ದರೆ ಮಾತ್ರ ಪಿಕಪ್ ತೆಗೆದುಕೊಳ್ಳಿ. ಮಿಕ್ಕವರು 14 ಅಡಿ ತಂದು, ಮೊದಲ ತಿಂಗಳಲ್ಲೇ ಕ್ಲಚ್ ಮತ್ತು ಎರಡು ಟೈರಿಗೆಂದು ಒಂದಿಷ್ಟು ಹಣ ಬೇರೆ ಇಟ್ಟಿರಿ. ಅವೆರಡು ಮಾರಿದವನ ಬಾಯಲ್ಲಿ ಯಾವಾಗಲೂ ‘ಮೊನ್ನೆ ತಾನೇ ಹಾಕಿಸಿದ್ದು’.