ಐದು ಮಳೆಗಾಲ ಕಂಡ ನನ್ನ ಮೌಂಟ್ ಕಟರ್

ಅಜ್ಜಿಯ ಫೋಟೋ ಗಾಜಿಗೆ ಅಂಟಿಕೊಂಡಿದೆ ಅಂತ ಗೊತ್ತಾದ ದಿನವೇ ಮೌಂಟ್ ಕಟರ್ ತರಿಸಬೇಕು ಅಂದುಕೊಂಡೆ. ಮೌಂಟ್ ಅಂದರೆ ಫೋಟೋಕ್ಕೂ ಗಾಜಿಗೂ ನಡುವೆ ಕೂರುವ ದಪ್ಪ ರಟ್ಟು, ಅಂದರೆ ಬೋರ್ಡ್; ಚಿತ್ರ ಕಾಣಲು ಅದರ ನಡುವೆ ಕಿಟಕಿ ಕತ್ತರಿಸುವ ಸಲಕರಣೆಯೇ ಈ ಕಟರ್. ಅಜ್ಜಿಯದು ಹಳೇ ಕಪ್ಪು-ಬಿಳುಪು ಫೋಟೋ. ಚೆನ್ನಾಗಿಯೇ ಕಟ್ಟು ಹಾಕಿಸಿದ್ದರು, ಆದರೆ ಗಾಜು ನೇರ ಫೋಟೋ ಮೇಲೆ ಕೂತಿತ್ತು. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಊರು. ಮಳೆಗಾಲದಲ್ಲಿ ಗೋಡೆಗಳೇ ಬೆವರುತ್ತವೆ. ಫೋಟೋ ಕಾಗದದ ಮೇಲಿನ ಜೆಲಾಟಿನ್ ಪದರ ತೇವ ಎಳೆದುಕೊಂಡು ಮೆತ್ತಗಾಗಿ ಗಾಜನ್ನು ಹಿಡಿದುಬಿಡುತ್ತದೆ. ಬಿಡಿಸಲು ಹೋದೆ, ಅಜ್ಜಿಯ ಸೆರಗು ಗಾಜಿನಲ್ಲೇ ಉಳಿಯಿತು.

ಮೌಂಟ್ ಹಾಕುವುದು ಬರೀ ಅಂದಕ್ಕೆ ಅಂತ ತುಂಬಾ ಜನ ತಿಳಿದಿದ್ದಾರೆ. ಅದರ ಮೊದಲ ಕೆಲಸ ಚಿತ್ರವನ್ನು ಗಾಜಿನಿಂದ ದೂರ ಇಡುವುದು. ಬೋರ್ಡಿನ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್ ಅಷ್ಟೇ, ಆದರೆ ಅಷ್ಟು ಜಾಗ ಸಾಕಾಗುತ್ತದೆ.

ನನ್ನ ಹತ್ತಿರ ಇರುವುದು ಮನೆಬಳಕೆಯ ಕಟರ್. 32 ಇಂಚಿನ ಹಲಗೆ, ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿ, ಪಟ್ಟಿಗೆ ಕೂರಿಸಿ ತಳ್ಳುವ ಹಿಡಿ. ಹಿಡಿಯಲ್ಲಿ ಬ್ಲೇಡ್ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಹಾಗಾಗಿಯೇ ಬೋರ್ಡಿನ ಒಳಗಿನ ಬಿಳಿ ಕಾಣಿಸಿ, ಕಿಟಕಿಯ ಸುತ್ತ ಆ ಚೆಂದದ ಬಿಳಿ ಅಂಚು ಬರುವುದು. ಐದು ವರ್ಷದಲ್ಲಿ ನೂರಕ್ಕೂ ಜಾಸ್ತಿ ಮೌಂಟ್ ಕತ್ತರಿಸಿದ್ದೇನೆ.

ಮೊದಲ ತಿಂಗಳು ಬೇಜಾರೇ ಆಗಿತ್ತು. ಗೆರೆ ಶುರುವಾಗುವ ಕಡೆ ಕೊಕ್ಕೆಯ ಹಾಗೆ ಸೊಟ್ಟ ಆಗುತ್ತಿತ್ತು. ಯಂತ್ರವೇ ಸರಿಯಿಲ್ಲ ಅಂದುಕೊಂಡಿದ್ದೆ. ಕಾರಣ ಬೇರೆ ಇತ್ತು. ಬ್ಲೇಡನ್ನು ತುಂಬಾ ಆಳಕ್ಕೆ ಇಟ್ಟಿದ್ದೆ. ಅದು ಬೋರ್ಡನ್ನು ದಾಟಿ, ಅದರ ಅಡಿಗೆ ಹಾಸುವ ರದ್ದಿ ಬೋರ್ಡಿನ ತುಂಡನ್ನು ಸುಮ್ನೆ ಗೀರಿದರೆ ಸಾಕು. ಜಾಸ್ತಿ ಹೊರಗೆ ಬಂದರೆ ಬ್ಲೇಡ್ ಬಾಗುತ್ತದೆ, ಗೆರೆಯೂ ಬಾಗುತ್ತದೆ. ಆ ರದ್ದಿ ತುಂಡನ್ನು ಪ್ರತಿ ಸಲ ಸ್ವಲ್ಪ ಸರಿಸಬೇಕು. ಇಲ್ಲದಿದ್ದರೆ ಬ್ಲೇಡ್ ಹಳೇ ಗೀರಿನೊಳಗೆ ಹೋಗಿ ಅದೇ ದಾರಿ ಹಿಡಿಯುತ್ತದೆ.

ಲೆಕ್ಕ ಸುಲಭ. 8×10 ಇಂಚಿನ ಫೋಟೋಕ್ಕೆ ನಾನು 7¾×9¾ ಕಿಟಕಿ ಬಿಡುತ್ತೇನೆ, ಸುತ್ತಲೂ ಕಾಲು ಇಂಚಿನ ಅರ್ಧದಷ್ಟು ಫೋಟೋ ಬೋರ್ಡಿನ ಹಿಂದೆ ಸೇರಲಿ ಅಂತ. ಮೇಲೆ ಮತ್ತು ಎರಡು ಬದಿ ಎರಡೂವರೆ ಇಂಚು, ಕೆಳಗೆ ಮೂರು. ಹೊರ ಅಳತೆ 12¾×15¼ ಆಗುತ್ತದೆ. ನಾಲ್ಕೂ ಕಡೆ ಒಂದೇ ಅಳತೆ ಇಟ್ಟರೆ ಚಿತ್ರ ಕೆಳಗೆ ಜಾರಿದ ಹಾಗೆ ಕಾಣುತ್ತದೆ. ಗೆರೆ ಹಾಕುವುದೂ ಕತ್ತರಿಸುವುದೂ ಬೋರ್ಡಿನ ಹಿಂಬದಿಯಲ್ಲಿ. ಬ್ಲೇಡಿನ ಓರೆ ಯಾವ ಕಡೆ ಇದೆ ಅಂತ ಎರಡು ಸಲ ನೋಡಿಕೊಳ್ಳಿ. ತಿರುಗುಮುರುಗಾದರೆ ಬಿಳಿ ಅಂಚು ಹಿಂದೆ ಹೋಗುತ್ತದೆ, ಹಾಳೆ ದಂಡ.

ಮೂಲೆಯಲ್ಲಿ ಒಂದು ಎಳೆ ಕತ್ತರಿಸದೆ ಉಳಿದರೆ ಎಳೆಯಬೇಡಿ, ಕಾಗದ ಸಿಪ್ಪೆ ಏಳುತ್ತದೆ. ತೆಳು ಬ್ಲೇಡನ್ನು ಅದೇ ಓರೆಯಲ್ಲಿ ತೂರಿಸಿ ಬಿಡಿಸಿ. ಗೆರೆ ಮೂಲೆ ದಾಟಿ ಮುಂದೆ ಹೋಗಿದ್ದರೆ ಚಮಚದ ಬೆನ್ನಿನಿಂದ ಮೆಲ್ಲಗೆ ಉಜ್ಜಿ. ಅರ್ಧ ಮುಚ್ಚಿಹೋಗುತ್ತದೆ.

ಕೊರತೆಗಳನ್ನೂ ಹೇಳುತ್ತೇನೆ. ಹಲಗೆ ಮರದ ಪುಡಿಯನ್ನು ಒತ್ತಿ ಮಾಡಿದ್ದು. ಎರಡನೇ ಮಳೆಗಾಲಕ್ಕೆ ಒಂದು ಮೂಲೆ ಉಬ್ಬಿತು. ಈಗ ಅಟ್ಟದ ಬದಲು ಅಡುಗೆಮನೆ ಪಕ್ಕದ ಬೆಚ್ಚಗಿನ ಕೋಣೆಯಲ್ಲಿ ಇಡುತ್ತೇನೆ, ನಿಲ್ಲಿಸದೆ ಮಲಗಿಸಿ. ಅಳತೆ ನಿಲ್ಲಿಸುವ ಅಡ್ಡಪಟ್ಟಿ ಬಂದಾಗಲೇ ಒಂದು ತುದಿಯಲ್ಲಿ ಒಂದು ಮಿಲಿಮೀಟರ್ ಓರೆ ಇತ್ತು. ಸ್ಕ್ರೂ ಸಡಿಲ ಮಾಡಿ ಸರಿಪಡಿಸಲು ಒಂದು ಸಂಜೆ ಬೇಕಾಯಿತು. ಎಲ್ಲಕ್ಕಿಂತ ಕಷ್ಟ ಬ್ಲೇಡಿನದು. ಇದಕ್ಕೆ ಬೇರೆಯದೇ ಬ್ಲೇಡ್ ಬೇಕು, ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಬೇಕು. ನಾನು ಎರಡು ಮೌಂಟಿಗೆ ಒಂದು ಬ್ಲೇಡ್ ಬದಲಿಸುತ್ತೇನೆ. ಉಳಿತಾಯ ಅಂತ ನಾಲ್ಕನೆಯದಕ್ಕೂ ಅದನ್ನೇ ಹಾಕಿದರೆ ಅಂಚಿನಲ್ಲಿ ನಾರು ಏಳುತ್ತದೆ, ಆಗ ಹೋಗುವುದು ಬ್ಲೇಡಿಗಿಂತ ಹೆಚ್ಚು ಬೆಲೆಯ ಹಾಳೆ.

ಬೋರ್ಡಿನ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಮೊದಲ ವರ್ಷ ಅಗ್ಗದ ಬೋರ್ಡ್ ತಂದೆ. ಆಗ ಕತ್ತರಿಸಿದವುಗಳ ಬಿಳಿ ಅಂಚು ಈಗ ಕಂದು ಬಣ್ಣಕ್ಕೆ ತಿರುಗಿದೆ. ಮರದ ತಿರುಳಿನಲ್ಲಿ ಉಳಿದ ಆಮ್ಲ ಅದು, ಮೆಲ್ಲಗೆ ಚಿತ್ರಕ್ಕೂ ಹತ್ತುತ್ತದೆ. ಆಸಿಡ್-ಫ್ರೀ ಅಂತ ಬರೆದಿರುವುದನ್ನೇ ಕೇಳಿ ತನ್ನಿ. ಚಿತ್ರವನ್ನು ಬೋರ್ಡಿಗೆ ಮೇಲಿನ ಅಂಚಿನಲ್ಲಿ ಎರಡೇ ಕಡೆ ಅಂಟಿಸಿ ತೂಗುಹಾಕಿ, ಕೆಳಗೆ ಬಿಟ್ಟುಬಿಡಿ. ಕಾಗದ ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು ಅಲ್ವಾ? ಸೆಲ್ಲೋಟೇಪ್ ಬೇಡವೇ ಬೇಡ.

ನನಗೆ ಈ ಕಟರ್ ನಿಜವಾಗಿ ಇಷ್ಟವಾಗಿದ್ದು ಹಸೆ ಚಿತ್ತಾರಕ್ಕೆ ಮೌಂಟ್ ಮಾಡುವಾಗ. ಮಲೆನಾಡಿನ ದೀವರ ಸಮುದಾಯದವರ ಮನೆಗಳ ಗೋಡೆಯ ಈ ಚಿತ್ತಾರವನ್ನು ನಮ್ಮ ಪಕ್ಕದ ಮನೆಯ ಅಕ್ಕ ಕಾಗದದ ಮೇಲೂ ಬರೆಯುತ್ತಾರೆ. ಕೆಮ್ಮಣ್ಣಿನ ನೆಲ, ಪುಂಡಿ ನಾರಿನ ಕುಂಚದಲ್ಲಿ ಎಳೆದ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಆ ಗೆರೆ ಕಾಗದದಿಂದ ಸ್ವಲ್ಪ ಮೇಲೆದ್ದಿರುತ್ತದೆ. "ಗಾಜು ತಾಗಿದ್ರೆ ಹಿಟ್ಟೆಲ್ಲ ಉದುರ್ತದೆ ಮಾರಾಯ, ನೋಡ್ಕೊಂಡು ಮಾಡು" ಅಂದಿದ್ದರು. ಎರಡು ಮೌಂಟ್ ಒಂದರ ಮೇಲೊಂದು ಹಾಕಿದೆ. ಕೆಳಗಿನದರ ಕಿಟಕಿ ಕಾಲು ಇಂಚು ಒಳಗೆ. ಕೆಂಪಿನ ಸುತ್ತ ಎರಡು ಬಿಳಿ ಅಂಚು ಬಂದಾಗ ಅಕ್ಕ ತುಂಬಾ ಹೊತ್ತು ನೋಡಿದರು. ಮೂರು ಮಳೆಗಾಲ ಆಯಿತು, ಒಂದು ಗೆರೆಯೂ ಉದುರಿಲ್ಲ.

ವರ್ಷಕ್ಕೆ ಒಂದೆರಡು ಫೋಟೋ ಇದ್ದರೆ ಅಂಗಡಿಗೇ ಕೊಡಿ, "ಮೌಂಟ್ ಹಾಕಿ" ಅಂತ ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಚಿತ್ರ ಬರೆಯುವವರಿದ್ದರೆ, ಹಳೇ ಫೋಟೋ ತುಂಬಾ ಇದ್ದರೆ, ಕಟರ್ ತರಿಸಿ.

ತಾತನ ಫೋಟೋವೂ ಗಾಜಿಗೆ ಹಿಡಿದಿತ್ತು. ಈ ಸಲ ಕೀಳಲಿಲ್ಲ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಪ್ರಿಂಟ್ ತೆಗೆಸಿ, ಮೌಂಟ್ ಹಾಕಿ ಜಗಲಿಯಲ್ಲಿ ತೂಗುಹಾಕಿದ್ದೇನೆ. ಮೂಲ ಫೋಟೋ ಗಾಜಿನ ಜೊತೆಗೇ ಬೀರುವಿನಲ್ಲಿದೆ.