ಶ್ರೀಲಂಕಾವೋ, ವಿಯೆಟ್ನಾಮೋ?

ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ, ಕಡಲು, ಹಳೆಯ ಊರು ಮೂರನ್ನೂ ನೋಡಬೇಕೆಂದರೆ ಮೊದಲು ಲೆಕ್ಕ ಹಾಕಬೇಕಾದ್ದು ದೂರವನ್ನು. ಶ್ರೀಲಂಕಾ ಇದರಲ್ಲಿ ಸಲೀಸು. ಲಿಟಲ್ ಆಡಮ್ಸ್ ಪೀಕ್ ಬೆಟ್ಟ ಮಕ್ಕಳೂ ಹತ್ತುವಷ್ಟು ಸುಲಭ; ಅಲ್ಲಿಂದ ಮಿರಿಸ್ಸ ಕಡಲತೀರಕ್ಕೆ ಕಾರಿನಲ್ಲಿ ಅರ್ಧ ದಿನ ಸಾಕು. ಹಳೆಯ ಬಂಡೆಕೋಟೆ ಸಿಗಿರಿಯದ ಸುಮಾರು 1,200 ಮೆಟ್ಟಿಲುಗಳನ್ನು ಮಾತ್ರ ಬೆಳಗಿನ ತಂಪಿನಲ್ಲೇ ಹತ್ತಿಬಿಡಿ.

ವಿಯೆಟ್ನಾಂ ಉದ್ದನೆಯ ದೇಶ. ಚಾರಣದ ಸಾಪಾ ಉತ್ತರದ ತುದಿಯಲ್ಲಿ, ದನಾಂಗ್ ಕಡಲತೀರ ಮತ್ತು ಹಳೆಯ ಊರು ಹೊಯಿ ಆನ್ ಮಧ್ಯದಲ್ಲಿ. ನಡುವೆ ವಿಮಾನ ಹಿಡಿದರೆ ಖರ್ಚು ಏರುತ್ತದೆ. ಆದರೆ ಸಾಪಾ ಬಳಿಯ 3,147 ಮೀಟರಿನ ಫಾನ್ಸಿಪಾನ್ ಬೆಟ್ಟಕ್ಕೆ ಕೇಬಲ್ ಕಾರ್ ಇದೆ, ಹೆಚ್ಚು ನಡೆಯಲಾಗದ ಹಿರಿಯರಿಗೆ ಅದು ವರವೇ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಂದು ವಾರ ಸಿಕ್ಕರೆ ಶ್ರೀಲಂಕಾದ ದಕ್ಷಿಣ ತೀರ ಚೆನ್ನ. ಎರಡು ವಾರ ಇದ್ದರೆ ವಿಯೆಟ್ನಾಂ ಸರಿ, ಆದರೆ ಅಕ್ಟೋಬರ್, ನವೆಂಬರ್ ಬೇಡ. ಆಗ ದನಾಂಗ್‌ನಲ್ಲಿ ಜೋರು ಮಳೆ.