ದೂರಿನಿಂದ ತೀರ್ಪಿನವರೆಗೆ: ಬೆಂಗಳೂರಿನ ಠಾಣೆ–ಕೋರ್ಟ್ ಸೇವೆಯ ವಿಮರ್ಶೆ

2024ರ ಜುಲೈ 1ರಂದು ತನಿಖೆ, ವಿಚಾರಣೆಯ ಕ್ರಮ ಹೇಳುತ್ತಿದ್ದ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂತು. ಹಳೆಯ ಕಾಯ್ದೆಯಲ್ಲಿ ಗಡುವೇ ಇಲ್ಲದಿದ್ದ ಎಷ್ಟೋ ಕಡೆ ಹೊಸ ಕಾಯ್ದೆ ದಿನದ ಲೆಕ್ಕ ಬರೆದಿದೆ: 3 ದಿನ, 14 ದಿನ, 60 ದಿನ, 90 ದಿನ. ಠಾಣೆಗೆ ಹೋಗುವವರು ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡೇ ಹೋಗುವುದು ಒಳ್ಳೆಯದು. ತನಿಖೆಯ ಹಂತದಲ್ಲಿ ಗಡುವು ತಪ್ಪಿದರೆ ಪೊಲೀಸರಿಗೆ ತಕ್ಷಣ ಬಿಸಿ ಮುಟ್ಟುವುದು ಒಂದೇ ಕಡೆ, ಅದೂ ಬಂಧಿತ ಆರೋಪಿಯ ವಿಚಾರದಲ್ಲಿ. ದೂರುದಾರರ ಪಾಲಿನ ಗಡುವುಗಳು ಬರವಣಿಗೆಯಲ್ಲಿ ಕೇಳಿದವರಿಗೆ ಸಿಗುತ್ತವೆ, ಸುಮ್ಮನೆ ಕಾದವರಿಗೆ ಸಿಗುವುದು ಕಷ್ಟ. ಇಡೀ ಸೇವೆಯ ಬಗ್ಗೆ ಒಂದೇ ಮಾತು ಹೇಳಬೇಕಾದರೆ ಇದನ್ನೇ ಹೇಳಬೇಕು.

ಮೊದಲ ಹೆಜ್ಜೆಯಾದ ದೂರು ದಾಖಲಾತಿಯನ್ನೇ ಹೆಚ್ಚು ಗಮನವಿಟ್ಟು ನೋಡಬೇಕು. ಮುಂದಿನದೆಲ್ಲ ಇಲ್ಲೇ ತೀರ್ಮಾನವಾಗುತ್ತದೆ.

ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಮೊಬೈಲ್ ಹೋಯಿತು ಎಂದುಕೊಳ್ಳಿ. ಕೈಗೆ ಬರಬಹುದಾದ ಕಾಗದಗಳು ನಾಲ್ಕು ಬಗೆಯವು. ಇ-ಲಾಸ್ಟ್ ವರದಿ ನೀವೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುವಂಥದ್ದು. ಡೂಪ್ಲಿಕೇಟ್ ಸಿಮ್‌ಗೆ, ಕಳೆದ ದಾಖಲೆಯ ನಕಲಿಗೆ ಅದು ಸಾಕು, ತನಿಖೆ ಮಾತ್ರ ಅದರಿಂದ ಶುರುವಾಗುವುದಿಲ್ಲ. ಎರಡನೆಯದು ಅರ್ಜಿ ಸ್ವೀಕೃತಿ, ಅಂದರೆ ಸೀಲು ಹಾಕಿ ಕೊಟ್ಟ ರಸೀದಿ. ಮೂರನೆಯದು ಅಸಂಜ್ಞೇಯ (ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲದ) ಪ್ರಕರಣ ಎಂದು ಬರೆದುಕೊಂಡ ಎನ್‌ಸಿಆರ್. ಕೊನೆಯದು ಎಫ್‌ಐಆರ್. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯ ಅಪರಾಧದ ಲೆಕ್ಕಕ್ಕೆ ಎಫ್‌ಐಆರ್ ಬೇಕು. 'ಕಳೆದುಹೋಗಿದೆ' ಎಂದು ಬರೆದ ಮೊಬೈಲು ಅಪರಾಧವೇ ಆಗುವುದಿಲ್ಲ. ಕಿತ್ತುಕೊಂಡು ಹೋಗಿದ್ದರೆ 'ಕಿತ್ತುಕೊಂಡು ಹೋದರು' ಎಂದೇ ಬರೆಯಿರಿ. ಐಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 304ರಲ್ಲಿ ಕಿತ್ತುಕೊಳ್ಳುವಿಕೆ ಈಗ ಪ್ರತ್ಯೇಕ ಅಪರಾಧ, 3 ವರ್ಷದವರೆಗೆ ಶಿಕ್ಷೆ ಇದೆ.

ಬಹಳ ಜನ ಎಡವುವುದು ಬೆಲೆಯ ವಿಷಯದಲ್ಲಿ. ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಹೊಸ ಕಾನೂನಿನಲ್ಲಿ ಆ ಕಳವು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. 'ಹಳೆಯ ಫೋನು, ಮೂರ್ನಾಲ್ಕು ಸಾವಿರ ಆಗಬಹುದು' ಎಂದು ಅಂದಾಜಿನಲ್ಲಿ ಬರೆದುಕೊಟ್ಟರೆ ದೂರು ಅಲ್ಲೇ ಎನ್‌ಸಿಆರ್ ಕಡೆಗೆ ತಿರುಗುತ್ತದೆ. ಬಿಲ್ ಲಗತ್ತಿಸಿ, ಕಳುವಾದ ದಿನಕ್ಕೆ ಅದೇ ಮಾಡೆಲ್‌ನ ಹಳೆಯ ಫೋನಿಗೆ ನಿಜವಾಗಿ ಎಷ್ಟು ಬೆಲೆ ಇತ್ತೆಂದು ನೋಡಿ ಬರೆಯಿರಿ. ಫೋನಿನ ಗುರುತಾದ ಐಎಂಇಐ ಸಂಖ್ಯೆ ಬಿಲ್ ಮೇಲೆ ಅಥವಾ ಡಬ್ಬಿಯ ಮೇಲೆ ಇರುತ್ತದೆ. ಎರಡು ಸಿಮ್‌ನ ಫೋನಿಗೆ ಎರಡು ಸಂಖ್ಯೆ, ಎರಡನ್ನೂ ಬರೆಯಬೇಕು. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಬರೆದಿಟ್ಟುಕೊಂಡವರಿಗೆ ಆಮೇಲೆ ತಲೆನೋವಿಲ್ಲ.

ಉಳಿದಂತೆ ದೂರಿನಲ್ಲಿ ದಿನಾಂಕ, ಅಂದಾಜು ಸಮಯ, ಜಾಗದ ಗುರುತು, ಬಸ್ಸಿನ ರೂಟ್ ಸಂಖ್ಯೆ, ಹತ್ತಿರದಲ್ಲಿ ಕ್ಯಾಮೆರಾ ಇದ್ದರೆ ಯಾವ ಅಂಗಡಿಯದು ಎನ್ನುವುದು, ನಿಮ್ಮ ಮೊಬೈಲ್ ಮತ್ತು ಇಮೇಲ್ ವಿಳಾಸ ಇರಲಿ. ಕ್ಯಾಮೆರಾದ ವಿಷಯವನ್ನು ಮೊದಲ ದಿನವೇ ಬರೆಯಬೇಕು, ಅಂಗಡಿಗಳ ರೆಕಾರ್ಡರ್ ಕೆಲವೇ ದಿನಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಕೊಳ್ಳುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

'ಘಟನೆ ನಮ್ಮ ಸರಹದ್ದಲ್ಲ, ಪಕ್ಕದ ಠಾಣೆಗೆ ಹೋಗಿ' ಎನ್ನುವ ಮಾತಿಗೆ ಬಿಎನ್‌ಎಸ್‌ಎಸ್ ಕಲಂ 173ರಲ್ಲಿ ಜಾಗವಿಲ್ಲ. ಸಂಜ್ಞೇಯ (ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ) ಅಪರಾಧವಾದರೆ ಎಲ್ಲಿ ನಡೆದಿದ್ದರೂ ಬರೆದುಕೊಳ್ಳಬೇಕು, ಆಮೇಲೆ ವರ್ಗಾಯಿಸಬೇಕು. ಇದೇ ಝೀರೋ ಎಫ್‌ಐಆರ್. ದೂರನ್ನು ಇಮೇಲ್‌ನಲ್ಲೂ ಕಳಿಸಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಹಾಕಿದರೆ ಮಾತ್ರ ಅದು ದಾಖಲೆಗೆ ಏರುತ್ತದೆ. ಮೇಲ್ ಕಳಿಸಿ ಕಾಯುತ್ತ ಕೂತರೆ ಏನೂ ಆಗಿರುವುದಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ, ತಕ್ಷಣ ಕೊಡಬೇಕು.

14 ದಿನದ ಪ್ರಾಥಮಿಕ ವಿಚಾರಣೆಯ ಮಾತು ಠಾಣೆಯಲ್ಲಿ ಕೇಳಿಬಂದರೆ ಎರಡು ಸಂಗತಿ ನೋಡಿಕೊಳ್ಳಿ. ಶಿಕ್ಷೆ 3 ವರ್ಷ ಅಥವಾ ಹೆಚ್ಚು, 7 ವರ್ಷಕ್ಕಿಂತ ಕಡಿಮೆ ಇರುವ ಅಪರಾಧಗಳಿಗೆ ಮಾತ್ರ ಈ ಅವಕಾಶ. ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ, ನಮ್ಮ ನಗರದಲ್ಲಾದರೆ ಎಸಿಪಿಯ, ಮುಂಗಡ ಅನುಮತಿಯೂ ಬೇಕು. ಮನೆಗಳವಿಗೂ ಬಿಎನ್‌ಎಸ್ ಕಲಂ 318(4)ರ ವಂಚನೆಗೂ ಶಿಕ್ಷೆ 7 ವರ್ಷದವರೆಗೆ ಇರುವುದರಿಂದ ಅವು ಈ ಲೆಕ್ಕಕ್ಕೆ ಬರುವುದಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಇದ್ದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಿರಾಕರಿಸಿದರೆ ದೂರಿನ ಸಾರವನ್ನು ಬರವಣಿಗೆಯಲ್ಲಿ ವಿಭಾಗದ ಡಿಸಿಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟ್. ಡಿಸಿಪಿಗೆ ಕಳಿಸಿದ ರಸೀದಿ ಇಲ್ಲದೆ ನೇರವಾಗಿ ಕೋರ್ಟಿಗೆ ಹೋದ ಅರ್ಜಿ ಆ ಒಂದು ಕಾರಣಕ್ಕೇ ಬಿದ್ದುಹೋಗಬಹುದು.

ಆನ್‌ಲೈನ್ ವಂಚನೆಯಾದರೆ ಈ ಕ್ರಮವೇ ಬೇರೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಬೇಕಾದ್ದರಿಂದ ಇಲ್ಲಿ ನಿಮಿಷಗಳಿಗೂ ಬೆಲೆ. ವಹಿವಾಟಿನ ಯುಟಿಆರ್ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ.

ಈಗ ತನಿಖೆ. ಆರೋಪಿ ಬಂಧನದಲ್ಲಿದ್ದರೆ 60 ದಿನದಲ್ಲಿ, ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನದಲ್ಲಿ ತನಿಖೆ ಮುಗಿಯಬೇಕು. ಮುಗಿಯದಿದ್ದರೆ ಜಾಮೀನು ಆರೋಪಿಯ ಹಕ್ಕು. ಬಿಸಿ ಮುಟ್ಟುವ ಗಡುವು ಇದು. ತನಿಖಾಧಿಕಾರಿಯ ಮೇಜಿನ ಮೇಲೆ ಮೊದಲು ಮೇಲೇಳುವ ಕಡತವೂ ಇಂಥದ್ದೇ. ಆರೋಪಿ ಸಿಕ್ಕಿಲ್ಲದ ಅಥವಾ ಜಾಮೀನಿನ ಮೇಲೆ ಹೊರಗಿರುವ ಪ್ರಕರಣಕ್ಕೆ ಈ ಒತ್ತಡವಿಲ್ಲ. 58ನೇ ದಿನ ಓಡಿಬಂದು ಹಾಕಿದ ದೋಷಾರೋಪಣ ಪಟ್ಟಿಯಲ್ಲಿ 'ಎಫ್‌ಎಸ್‌ಎಲ್ ವರದಿ ಬಂದ ನಂತರ ಹೆಚ್ಚುವರಿ ವರದಿ ಸಲ್ಲಿಸಲಾಗುವುದು' ಎಂಬ ಸಾಲು ಬರುವುದು ಈ ಅವಸರಕ್ಕೇ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋದ ಮಾದರಿಯ ವರದಿ ಆಮೇಲೆ ಸೇರಿದೆಯೇ ಎಂದು ಸರ್ಕಾರಿ ಅಭಿಯೋಜಕರ ಬಳಿ ವಿಚಾರಿಸಿ. ಸಾಕ್ಷಿ ವಿಚಾರಣೆಯ ದಿನ ವರದಿ ಕಡತದಲ್ಲಿ ಇಲ್ಲದಿದ್ದರೆ ನಷ್ಟ ದೂರುದಾರರದ್ದೇ.

ದೂರುದಾರರಿಗಾಗಿ ಇರುವ ಗಡುವು ಬಿಎನ್‌ಎಸ್‌ಎಸ್ ಕಲಂ 193(3)ರಲ್ಲಿದೆ: ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕು, ಎಲೆಕ್ಟ್ರಾನಿಕ್ ವಿಧಾನದಲ್ಲೂ ಆದೀತು. ತಿಳಿಸದಿದ್ದರೆ ದಂಡವಿಲ್ಲ, ಪರಿಹಾರವಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಇಟ್ಟ ರಾಜ್ಯದ 'ಸಕಾಲ' ಯೋಜನೆಗೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ 2011ರ ಕಾಯ್ದೆಯಂತೆ ಅರ್ಜಿಗೆ ಸಂಖ್ಯೆ ಸಿಗುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಇದೆ. ಮೊತ್ತ ಸಣ್ಣದಾದರೂ ತಡಮಾಡಿದವರ ಹೆಸರಿನಲ್ಲಿ ದಾಖಲೆ ಉಳಿಯುತ್ತದೆ. ತನಿಖೆಯ ಮಾಹಿತಿಗೂ ಇಂಥದೊಂದು ಹಿಡಿತ ಬೇಕೇ ಬೇಕು. ಈಗಿನ ಸ್ಥಿತಿಯಲ್ಲಿ ಈ ಹಂತಕ್ಕೆ ಐದಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾಗದು. 85ನೇ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅಪರಾಧ ಸಂಖ್ಯೆ ಬರೆದು, 193(3)ರಂತೆ ಪ್ರಗತಿ ತಿಳಿಸಿ ಎಂದು ಠಾಣಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ಇಷ್ಟು ಮಾಡಿದ ಪ್ರಕರಣ ಕಪಾಟಿನಲ್ಲಿ ಮರೆತುಹೋಗುವ ಸಂಭವ ಕಡಿಮೆ.

ತನಿಖೆ ಮುಗಿಯುವುದು ಮೂರು ರೀತಿ. ದೋಷಾರೋಪಣ ಪಟ್ಟಿ ಒಂದು. ದೂರು ಸುಳ್ಳು, ತಪ್ಪು ತಿಳಿವಳಿಕೆ ಅಥವಾ ಸಿವಿಲ್ ವ್ಯಾಜ್ಯ ಎಂದಾದರೆ 'ಬಿ' ರಿಪೋರ್ಟ್. ಅಪರಾಧ ನಡೆದಿದೆ, ಮಾಡಿದವರು ಪತ್ತೆಯಾಗಲಿಲ್ಲ ಎಂದಾದರೆ 'ಸಿ' ರಿಪೋರ್ಟ್. 'ಬಿ' ರಿಪೋರ್ಟ್ ಹಾಕಿದಾಗ ಕೋರ್ಟಿನಿಂದ ದೂರುದಾರರಿಗೆ ನೋಟಿಸ್ ಬರುತ್ತದೆ. ಎಷ್ಟೋ ಜನ ಅದನ್ನು ಓದಿ ಮಡಚಿಟ್ಟು ಸುಮ್ಮನಾಗುತ್ತಾರೆ, ಹಾಗೆ ಮಾಡಬೇಡಿ. ಒಪ್ಪಿಗೆ ಇಲ್ಲದಿದ್ದರೆ ಆ ದಿನಾಂಕಕ್ಕೆ ಹೋಗಿ ಪ್ರೊಟೆಸ್ಟ್ (ಆಕ್ಷೇಪಣೆ) ಅರ್ಜಿ ಹಾಕಬೇಕು, ಇಲ್ಲದಿದ್ದರೆ ರಿಪೋರ್ಟ್ ಅಂಗೀಕಾರವಾಗಿ ಕಡತ ಮುಚ್ಚುತ್ತದೆ.

ಸರ್ಕಾರದ ಸಾಧನೆಯ ಅಂಕಿಗಳನ್ನು ಓದುವಾಗಲೂ ಈ ಮೂರು ದಾರಿ ನೆನಪಿರಲಿ. 2022ರಲ್ಲಿ ದೇಶದ ಐಪಿಸಿ ಪ್ರಕರಣಗಳ ಶಿಕ್ಷೆಯ ಪ್ರಮಾಣ ಶೇ 54.2 ಎಂದು ಬ್ಯೂರೋ ವರದಿ ಹೇಳುತ್ತದೆ. ಕೊಟ್ಟ ದೂರುಗಳಲ್ಲಿ ಅರ್ಧಕ್ಕೆ ಶಿಕ್ಷೆಯಾಯಿತು ಎಂದು ಇದನ್ನು ಓದಿದರೆ ತಪ್ಪು. ಆ ವರ್ಷ ವಿಚಾರಣೆ ಮುಗಿದ ಪ್ರಕರಣಗಳಲ್ಲಿ ಎಷ್ಟಕ್ಕೆ ಶಿಕ್ಷೆಯಾಯಿತು ಎನ್ನುವ ಲೆಕ್ಕ ಅದು. ಉದಾಹರಣೆಗೆ 100 ಎಫ್‌ಐಆರ್‌ಗಳಲ್ಲಿ 60 ಕೋರ್ಟಿಗೆ ಹೋಗಿ, ವರ್ಷದಲ್ಲಿ 10ರ ವಿಚಾರಣೆ ಮುಗಿದು, 6ಕ್ಕೆ ಶಿಕ್ಷೆಯಾದರೆ ಪ್ರಮಾಣ ಶೇ 60. ಉಳಿದ 50 ಇನ್ನೂ ಬಾಕಿಯಲ್ಲಿವೆ, 40 ಕೋರ್ಟಿನ ಬಾಗಿಲನ್ನೇ ನೋಡಿಲ್ಲ. ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಕಲಂ ಇದ್ದರೆ ಹೆಚ್ಚಿನ ಶಿಕ್ಷೆಯ ಕಲಂ ಒಂದೇ ಎಣಿಕೆಗೆ ಬರುತ್ತದೆ ಎನ್ನುವುದೂ ಗೊತ್ತಿರಲಿ. ಎಣಿಸುವುದೇ ಗುರಿಯಾದಾಗ ಸುಲಭದ ಕೇಸು ಮುಂದೆ ಬರುವುದು ಎಲ್ಲ ಕಡೆಯ ಅನುಭವ. ಇಂಗ್ಲೆಂಡ್‌ನಲ್ಲಿ 2007–08ರ ಹೊತ್ತಿಗೆ ವರ್ಷಕ್ಕೆ 12.5 ಲಕ್ಷ ಅಪರಾಧಗಳು ಇತ್ಯರ್ಥವಾಗಬೇಕೆಂದು ಗುರಿಯಿಟ್ಟಾಗ ಎಚ್ಚರಿಕೆ ಕೊಟ್ಟು ಬಿಟ್ಟ ಸಣ್ಣ ಪ್ರಕರಣಗಳೂ ಆ ಲೆಕ್ಕಕ್ಕೆ ಸೇರಿದವು. 2014ರಲ್ಲಿ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆ ನೋಡಿದಾಗ, ಜನ ತಿಳಿಸಿದ ಅಪರಾಧಗಳಲ್ಲಿ ಸುಮಾರು ಶೇ 19 ದಾಖಲಾಗಿಯೇ ಇರಲಿಲ್ಲ.

ಇಡೀ ಸರಪಳಿಯಲ್ಲಿ ಮೆಚ್ಚಬೇಕಾದದ್ದು ಇ-ಕೋರ್ಟ್ಸ್ ಆ್ಯಪ್. ಐದಕ್ಕೆ ನಾಲ್ಕು ಧಾರಾಳವಾಗಿ ಕೊಡಬಹುದು. ಎಫ್‌ಐಆರ್ ಸಂಖ್ಯೆ, ವರ್ಷ, ಠಾಣೆ ಕೊಟ್ಟು ಹುಡುಕಬಹುದು. ಒಮ್ಮೆ ಸಿಎನ್‌ಆರ್ ಸಿಕ್ಕರೆ ಅದೊಂದೇ ಸಾಕು. ಅದು 16 ಅಕ್ಷರ–ಅಂಕಿಗಳ ಗುರುತು: ಮೊದಲ 6 ರಾಜ್ಯ, ಜಿಲ್ಲೆ, ಕೋರ್ಟಿನದ್ದು, ನಡುವಿನ 6 ಕ್ರಮಸಂಖ್ಯೆ, ಕೊನೆಯ 4 ವರ್ಷ. ಮುಂದಿನ ದಿನಾಂಕ, ಯಾವ ಹಾಲ್, ಯಾವ ಹಂತ, ಹಿಂದಿನ ದಿನಾಂಕಗಳಲ್ಲಿ ಏನಾಯಿತು ಎಲ್ಲವೂ ಕಾಣುತ್ತದೆ. ನೃಪತುಂಗ ರಸ್ತೆಯ ಕೋರ್ಟಿಗೋ ಮೇಯೋ ಹಾಲಿಗೋ ಬರೀ ದಿನಾಂಕ ತಿಳಿಯಲು ಅರ್ಧ ದಿನ ರಜೆ ಹಾಕಿ ಹೋಗುವ ಕಷ್ಟ ತಪ್ಪಿದ್ದು ದೊಡ್ಡ ಉಪಕಾರ. 'ಮೈ ಕೇಸಸ್'ನಲ್ಲಿ ಸೇರಿಸಿದ ಪಟ್ಟಿ ಆ ಫೋನಿನಲ್ಲೇ ಉಳಿಯುತ್ತದೆ, ಹಾಗಾಗಿ ಫೋನ್ ಬದಲಿಸುವ ಮೊದಲು ಬ್ಯಾಕಪ್ ತೆಗೆಯಿರಿ.

ಆ್ಯಪ್ ಓದುವಾಗ ಗಾಬರಿಯಾಗುವ ಜಾಗಗಳು ಎರಡು. ನಿಮ್ಮ ಸಿಸಿ ನಂಬರ್ (ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸ್ ಸಂಖ್ಯೆ) ಮುಂದೆ ಇದ್ದಕ್ಕಿದ್ದಂತೆ 'ಡಿಸ್ಪೋಸ್ಡ್' ಎಂದು ಬಂದರೆ ವಿಲೇವಾರಿಯ ಬಗೆ ಏನೆಂದು ಕೆಳಗೆ ನೋಡಿ. ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ್ದರೆ ಕೇಸು ಮುಗಿದಿಲ್ಲ, ಹೊಸ ಎಸ್‌ಸಿ (ಸೆಷನ್ಸ್ ಕೇಸ್) ನಂಬರ್, ಹೊಸ ಸಿಎನ್‌ಆರ್‌ನೊಂದಿಗೆ ಬೇರೆ ಕಡೆ ಜೀವಂತವಾಗಿದೆ. ಇನ್ನೊಂದು, ಒಬ್ಬ ಆರೋಪಿ ತಲೆಮರೆಸಿಕೊಂಡರೆ ಅವನ ಭಾಗವನ್ನು ಸ್ಪ್ಲಿಟ್ ಅಪ್ ಮಾಡಿ ಬೇರೆ ನಂಬರ್ ಕೊಡುತ್ತಾರೆ, ಹಳೆಯ ನಂಬರ್ ಮಾತ್ರ ನೋಡುತ್ತ ಕೂತರೆ ಆ ಭಾಗ ಕಣ್ತಪ್ಪುತ್ತದೆ. ಎರಡೂ ಸಂದರ್ಭದಲ್ಲಿ ಎಫ್‌ಐಆರ್ ಸಂಖ್ಯೆಯಿಂದ ಮತ್ತೆ ಹುಡುಕುವುದೇ ದಾರಿ.

ಕೋರ್ಟಿನ ಗಡುವುಗಳೂ ಕಾಯ್ದೆಯಲ್ಲಿವೆ. ಸೆಷನ್ಸ್ ಪ್ರಕರಣದಲ್ಲಿ ಆರೋಪದ ಮೊದಲ ವಿಚಾರಣೆಯಿಂದ 60 ದಿನದಲ್ಲಿ ಆರೋಪ ಹೊರಿಸಬೇಕು, ವಾದ ಮುಗಿದ ಮೇಲೆ 30 ದಿನದಲ್ಲಿ ತೀರ್ಪು, ಕಾರಣ ಬರೆದರೆ 45. ಆದರೆ ಆರೋಪಿಗೆ ಸಮನ್ಸ್ ತಲುಪುವವರೆಗೆ ಯಾವ ಗಡಿಯಾರವೂ ಓಡುವುದಿಲ್ಲ. ಆ್ಯಪ್‌ನಲ್ಲಿ ದಿನಾಂಕದ ಮೇಲೆ ದಿನಾಂಕ 'ಸಮನ್ಸ್', 'ಎನ್‌ಬಿಡಬ್ಲ್ಯೂ' (ಜಾಮೀನುರಹಿತ ವಾರಂಟ್) ಎಂದೇ ಕಂಡರೆ ಕೇಸು ನಿಂತಿರುವುದು ಅಲ್ಲಿ. ಆರೋಪಿಯ ಹೊಸ ವಿಳಾಸ ಗೊತ್ತಿದ್ದರೆ ಠಾಣೆಗೂ ಅಭಿಯೋಜಕರಿಗೂ ಬರೆದುಕೊಡಿ.

ಮಾಲು ಸಿಕ್ಕಾಗ ತೀರ್ಪಿನವರೆಗೆ ಕಾಯಬೇಕಿಲ್ಲ. ಠಾಣೆಯಿಂದ ಪಿ.ಎಫ್. (ಜಪ್ತಿ ಮಾಲಿನ ನಮೂನೆಯ) ಸಂಖ್ಯೆ ತೆಗೆದುಕೊಂಡು, ಬಿಲ್ ಮತ್ತು ಗುರುತಿನ ಚೀಟಿ ಸೇರಿಸಿ, ಮಧ್ಯಂತರವಾಗಿ ಬಿಡುಗಡೆ ಮಾಡಿ ಎಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ. ಸುಂದರಭಾಯಿ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಜಪ್ತಿ ಮಾಲನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಠಾಣೆಯಲ್ಲಿ ಇಡಬಾರದು ಎಂದಿದೆ. ಬಾಂಡ್ ಬರೆದುಕೊಟ್ಟು ವಸ್ತು ಪಡೆಯುವಾಗ ಸಹಿಗೆ ಮೊದಲು ಫೋನಿನ ಐಎಂಇಐ ಆದೇಶದಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ನೋಡಿ. ಕಳೆದ ಫೋನುಗಳನ್ನು ಬ್ಲಾಕ್ ಮಾಡುವ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಿದ್ದರೆ ತೆರೆಸಲು ಆಗ ಬಂದ ರಿಕ್ವೆಸ್ಟ್ ಐಡಿ ಬೇಕಾಗುತ್ತದೆ, ಅದನ್ನು ಎಫ್‌ಐಆರ್ ಪ್ರತಿಯ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಿ.